ಅಡುಗೆಮನೆಯ ಕಪಾಟುಗಳಿಗೆ ಚಿಲಕ ಹಾಕಿಸಿದ ಮೂರು ತಿಂಗಳು

ಜೂನ್ ಮೊದಲ ವಾರದ ಒಂದು ಬೆಳಿಗ್ಗೆ, ಹನ್ನೊಂದು ಗಂಟೆಯ ಹೊತ್ತಿಗೆ, ನಮ್ಮ ಮನೆಯಲ್ಲಿ ಇದ್ದಕ್ಕಿದ್ದಂತೆ ಸದ್ದಡಗಿತು. ಹೆಂಡತಿ ಕಾಯಿ ಕಡೆಯುತ್ತಿದ್ದ ಮಿಕ್ಸಿ ನಿಂತದ್ದಷ್ಟೇ ಅಲ್ಲ, ಹತ್ತು ತಿಂಗಳ ಮೊಮ್ಮಗಳು ತಟ್ಟೆ ಬಡಿಯುತ್ತಿದ್ದ ಸದ್ದೂ ನಿಂತಿತ್ತು. ಪತ್ರಿಕೆ ಕೆಳಗಿಟ್ಟು ಹೋಗಿ ನೋಡಿದರೆ, ಸಿಂಕಿನ ಕೆಳಗಿನ ಕಪಾಟಿನ ಎರಡೂ ಬಾಗಿಲು ತೆರೆದಿತ್ತು. ಅವಳು ಅದರ ಮುಂದೆ ಕಾಲು ಚಾಚಿ ಕುಳಿತು ಫಿನಾಯಿಲ್ ಬಾಟಲಿಯ ಮುಚ್ಚಳವನ್ನು ಚೀಪುತ್ತಿದ್ದಳು. ಪಕ್ಕದಲ್ಲಿ ಸಿಂಕಿನ ಕೊಳವೆ ಕಟ್ಟಿದಾಗ ಸುರಿಯುವ ಪುಡಿಯ ಪೊಟ್ಟಣ ಮಗುಚಿಬಿದ್ದಿತ್ತು. ಪೊಟ್ಟಣದ ಬಾಯಿಯನ್ನು ನಾನೇ ಹಿಂದಿನ ವಾರ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ. ಆ ರಬ್ಬರ್ ಬ್ಯಾಂಡ್ ಇನ್ನೂ ಅಲ್ಲಿಯೇ ಇತ್ತು ಎಂಬುದು ನಮ್ಮ ಪುಣ್ಯ.

ನನ್ನ ಹೆಂಡತಿ ಮೊದಲು ಮಾಡಲು ಹೊರಟ ಕೆಲಸ ಉಪ್ಪುನೀರು ಕಲಸಿ ಕುಡಿಸಿ ವಾಂತಿ ಮಾಡಿಸುವುದು. ನಮ್ಮ ಹಿರಿಯರು ಅದನ್ನೇ ಮಾಡುತ್ತಿದ್ದರು. ಫೋನಿನಲ್ಲಿ ಸಿಕ್ಕ ಮಕ್ಕಳ ವೈದ್ಯರು ಅದನ್ನು ಕೇಳಿದ ಕೂಡಲೇ ತಡೆದರು. ಕೊಳವೆ ತೊಳೆಯುವ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡ ಇರುತ್ತದೆ, ಅದು ಒಳಗೆ ಹೋಗುವಾಗ ಅನ್ನನಾಳವನ್ನು ಒಮ್ಮೆ ಸುಟ್ಟರೆ ವಾಂತಿಯಲ್ಲಿ ಹೊರಬರುವಾಗ ಇನ್ನೊಮ್ಮೆ ಸುಡುತ್ತದೆ, ಸೀಮೆಎಣ್ಣೆಯಂಥದ್ದಾದರೆ ವಾಂತಿಯ ಹೊತ್ತಿನಲ್ಲಿ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಅವರು ಹೇಳಿದರು. ಮುಚ್ಚಳ ಬಿಗಿಯಾಗಿಯೇ ಇದ್ದುದರಿಂದ, ಬಾಯಿಯಲ್ಲಿ ವಾಸನೆಯಾಗಲಿ ತುಟಿಯಲ್ಲಿ ಕೆಂಪಾಗಲಿ ಇಲ್ಲದ್ದರಿಂದ, ಬಾಯಿ ಕೈ ತೊಳೆಸಿ ಸಂಜೆಯ ತನಕ ಗಮನಿಸಿ ಎಂದರು. ನಿಜವಾಗಿ ಹೊಟ್ಟೆಗೆ ಹೋಗಿದ್ದರೆ ಏನೂ ಕುಡಿಸದೆ 108ಕ್ಕೆ ಕರೆ ಮಾಡಿ, ಬಾಟಲಿಯನ್ನೋ ಪೊಟ್ಟಣವನ್ನೋ ಜೊತೆಗೇ ಹಿಡಿದುಕೊಂಡು ಆಸ್ಪತ್ರೆಗೆ ಧಾವಿಸಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಎಂಬ ಉಚಿತ ಸಂಖ್ಯೆಯನ್ನು ಅಂದಿನಿಂದ ನಮ್ಮ ಫ್ರಿಜ್ಜಿನ ಬಾಗಿಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.

ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ನಾವು ಪುತ್ತೂರಿನ ಮನೆಗೆ ಬೀಗ ಹಾಕಿ, ಮಂಗಳೂರಿನ ಬಿಜೈಯಲ್ಲಿರುವ ಅವರ ಬಾಡಿಗೆ ಫ್ಲಾಟಿಗೆ ಮಗುವನ್ನು ನೋಡಿಕೊಳ್ಳಲು ಬಂದವರು. ಅಂದು ಸಂಜೆ ಮಗಳಿಗೆ ವಿಷಯ ಹೇಳುವಾಗ ನನಗಾದ ನಾಚಿಕೆಯನ್ನು ಇಲ್ಲಿ ವಿವರಿಸುವುದಿಲ್ಲ. ಅವಳು ಬೈಯಲಿಲ್ಲ. “ಅಪ್ಪ, ಎಲ್ಲ ಕಪಾಟಿಗೂ ಲಾಕ್ ಹಾಕಿಸುವ” ಎಂದಳು, ಅಷ್ಟೇ. ಒಂದು ಭಾನುವಾರದ ಕೆಲಸವೆಂದು ನಾವೆಲ್ಲರೂ ಅಂದುಕೊಂಡಿದ್ದೆವು. ಮುಗಿದದ್ದು ಚೌತಿ ಕಳೆದ ಮೇಲೆ.

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿದ್ದವನಾದ್ದರಿಂದ ನಾನು ಮೊದಲು ಪುಸ್ತಕ ತೆಗೆದು ಪಟ್ಟಿ ಮಾಡಿದೆ. ಕಟ್ಟೆಯ ಕೆಳಗೆ ಎಂಟು ಬಾಗಿಲು, ನಾಲ್ಕು ಡ್ರಾಯರು. ಪ್ರತಿಯೊಂದರ ಒಳಗೆ ಏನಿದೆ ಎಂದು ನೆಲದ ಮೇಲೆ ಕುಳಿತು, ಮಗುವಿನ ಎತ್ತರದಲ್ಲಿಯೇ ಕಣ್ಣಿಟ್ಟು ಬರೆಯುತ್ತಾ ಹೋದಾಗ ಬೆಚ್ಚಿಬೀಳುವಂತಾಯಿತು. ಹೆರೆಮಣೆ ಕೆಳಗಿನ ಕಪಾಟಿನಲ್ಲಿ ಹಲ್ಲು ಮುಂದೆ ಮಾಡಿ ನಿಂತಿತ್ತು. ಮೂರನೆಯ ಡ್ರಾಯರಿನಲ್ಲಿ ಬೆಂಕಿಪೆಟ್ಟಿಗೆ, ಇಲಿ ಪಾಷಾಣ, ನುಸಿಗುಳಿಗೆ, ಹಳೆಯ ರಿಮೋಟಿನಿಂದ ತೆಗೆದ ಗುಂಡಿಯಾಕಾರದ ಎರಡು ಬ್ಯಾಟರಿ ಇದ್ದವು. ಈ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಲ್ಲಿ ಗಂಭೀರವಾದ ಸುಟ್ಟ ಗಾಯವಾಗಬಲ್ಲದು. ಅದನ್ನು ಮಸಾಲೆ ಪೊಟ್ಟಣಗಳ ನಡುವೆ ಇಟ್ಟಿದ್ದವನೂ ನಾನೇ.

ಲಾಕು ಕೊಳ್ಳುವ ಮೊದಲು ಸಾಮಾನು ಸ್ಥಳಾಂತರಿಸಿ ಎಂಬುದು ನನ್ನ ಹಿಂದೆ ಬರುವವರಿಗೆ ನಾನು ಹೇಳಬಹುದಾದ ಮೊದಲ ಮಾತು. ಒಂದು ರೂಪಾಯಿ ಖರ್ಚಿಲ್ಲದೆ, ಒಂದೇ ಮಧ್ಯಾಹ್ನದಲ್ಲಿ, ನಮ್ಮ ಅಪಾಯದ ಮುಕ್ಕಾಲು ಪಾಲು ಮೇಲಿನ ಕಪಾಟಿಗೂ ಅಟ್ಟಕ್ಕೂ ಹೋಯಿತು. ಇಲಿ ಪಾಷಾಣ ಕಸಕ್ಕೆ ಹೋಯಿತು. ಕೆಳಗಿನ ಮೂರು ಕಪಾಟಿನಲ್ಲಿ ಅಕ್ಕಿಯ ಡಬ್ಬ, ದೊಡ್ಡ ಪಾತ್ರೆ, ಸ್ಟೀಲು ತಟ್ಟೆಗಳು ಮಾತ್ರ ಉಳಿದವು. ಅವಕ್ಕೆ ಲಾಕು ಬೇಡವೆಂದು ತೀರ್ಮಾನಿಸಿದೆವು. ತಟ್ಟೆ ಸೌಟುಗಳ ಕಪಾಟನ್ನು ಅವಳಿಗೇ ಬಿಟ್ಟುಕೊಟ್ಟೆವು. ಆದರೆ ಡ್ರಾಯರುಗಳ ವಿಷಯದಲ್ಲಿ ಒಳಗೆ ಬರೀ ಬಟ್ಟೆ ಇದೆ ಎಂದು ಬಿಡುವಂತಿಲ್ಲ. ಒಂದರ ಮೇಲೊಂದು ಇರುವ ಡ್ರಾಯರುಗಳನ್ನು ಮಗು ಎಳೆದರೆ ಅದು ಮೆಟ್ಟಿಲಾಗುತ್ತದೆ, ಮೆಟ್ಟಿಲು ಒಲೆಯ ತನಕ ಹೋಗುತ್ತದೆ. ಹೀಗೆ ಐದು ಬಾಗಿಲು, ನಾಲ್ಕು ಡ್ರಾಯರು, ಒಟ್ಟು ಒಂಬತ್ತು ಲೆಕ್ಕಕ್ಕೆ ಬಂತು.

ಅಳಿಯ ಆನ್‌ಲೈನಿನಲ್ಲಿ ಅಂಟಿಸುವ ಪಟ್ಟಿಯ ಲಾಕುಗಳನ್ನು ತರಿಸಿದ. ಆರರ ಕಟ್ಟು, ₹420. ಬಾಗಿಲಿನ ಮೇಲೊಂದು ಬಿಲ್ಲೆ, ಪಕ್ಕದ ಹಲಗೆಯ ಮೇಲೊಂದು ಬಿಲ್ಲೆ, ನಡುವೆ ಬಾಗುವ ಪ್ಲಾಸ್ಟಿಕ್ ಪಟ್ಟಿ, ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಬಿಡುವಂಥದ್ದು. ಸ್ಕ್ರೂ ಬೇಡ, ತೂತು ಬೇಡ ಎಂದು ಸಂತೋಷಪಟ್ಟು, ಬಾಗಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂಟಿಸಿ, ಐದೇ ನಿಮಿಷದಲ್ಲಿ ಎಳೆದು ನೋಡಿದೆ. ನಿಂತಿತು. ಮೂರನೆಯ ದಿನ ಬೆಳಿಗ್ಗೆ ಎರಡು ಲಾಕು ನೆಲದಲ್ಲಿದ್ದವು, ಮೂರನೆಯದು ಮೊಮ್ಮಗಳ ಬಾಯಿಯಲ್ಲಿತ್ತು.

ತಪ್ಪು ನನ್ನದು ಅರ್ಧ, ನಮ್ಮೂರ ಮಳೆಗಾಲದ್ದು ಅರ್ಧ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಜೂನ್ ಜುಲೈ ತಿಂಗಳ ಗಾಳಿಯೇ ಒದ್ದೆಯಾಗಿರುತ್ತದೆ, ಕಪಾಟಿನ ಒಳಮೈಯಲ್ಲಿ ಬೂಷ್ಟು ಹಿಡಿದಿರುತ್ತದೆ. ಅದರ ಮೇಲೆ ಒಗ್ಗರಣೆಯ ಎಣ್ಣೆಯ ಪದರ ಕೂತಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುತ್ತದೆ. ಕಟ್ಟಿನೊಳಗಿನ ಚೀಟಿಯಲ್ಲಿ ಅಂಟಿಸಿದ ಮೇಲೆ 24 ಗಂಟೆ ಮುಟ್ಟಬೇಡಿ ಎಂದು ಬರೆದಿದ್ದರು, ನಾನು ಅದನ್ನು ಆಮೇಲೆ ಓದಿದೆ. ಎರಡನೆಯ ಬಾರಿಗೆ ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ ಎಣ್ಣೆ ತೆಗೆದು, ಒಣಗಿಸಿ, ಸರ್ಜಿಕಲ್ ಸ್ಪಿರಿಟ್ ಹಚ್ಚಿ ಒರೆಸಿ, ಮಗಳ ಹೇರ್ ಡ್ರೈಯರಿನಿಂದ ಜಾಗವನ್ನು ಬೆಚ್ಚಗೆ ಮಾಡಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಇಡೀ ದಿನ ಆ ಬಾಗಿಲುಗಳ ಮುಂದೆ ಕುರ್ಚಿ ಅಡ್ಡ ಇಟ್ಟೆ. ನುಣುಪಾದ ಲ್ಯಾಮಿನೇಟಿನ ಮೇಲೆ ಅಂಟಿಸಿದವು ಇಂದಿಗೂ ಭದ್ರವಾಗಿವೆ. ಬರೀ ಪ್ಲೈವುಡ್ಡಿನ ಮೇಲೆ ಅಂಟಿಸಿದ ಒಂದೂ ನಿಲ್ಲಲಿಲ್ಲ. ವಾಪಸು ಕಳುಹಿಸೋಣವೆಂದರೆ ಹತ್ತು ದಿನದ ಅವಧಿ ಮುಗಿದಿತ್ತು.

ಹಾಗಾಗಿ ಸ್ಕ್ರೂ ಹಾಕಲೇಬೇಕಾಯಿತು, ಸ್ಕ್ರೂ ಎಂದರೆ ಮನೆ ಮಾಲೀಕರ ಒಪ್ಪಿಗೆ. ಹನ್ನೊಂದು ತಿಂಗಳ ಕರಾರುಪತ್ರವನ್ನು ತೆಗೆದು ಓದಿದರೆ, ಗೋಡೆಗೂ ಮರದ ಕೆಲಸಕ್ಕೂ ಮೊಳೆ ಹೊಡೆಯಬಾರದೆಂದು ಸ್ಪಷ್ಟವಾಗಿತ್ತು. ಮಾಲೀಕರು ಮಸ್ಕತ್ತಿನಲ್ಲಿರುವವರು. ಅಳಿಯ ವಾಟ್ಸ್‌ಆ್ಯಪಿನಲ್ಲಿ ಕಳುಹಿಸಿದ ಸಂದೇಶಕ್ಕೆ ಆರು ದಿನ ಉತ್ತರವಿಲ್ಲ. ಏಳನೆಯ ದಿನ ಬಂದ ಧ್ವನಿಸಂದೇಶದಲ್ಲಿ, ಅಡುಗೆಮನೆ ಹೊಸದಾಗಿ ಮಾಡಿಸಿ ಎರಡೇ ವರ್ಷವಾಗಿದೆ, ತೂತು ಮಾಡಿದರೆ ಗ್ಯಾರಂಟಿ ಹೋಗುತ್ತದೆಯೋ ಏನೋ ಎಂಬ ಅನುಮಾನ ಇತ್ತು. ಗ್ಯಾರಂಟಿ ಕಾರ್ಡು ಅವರ ಅಣ್ಣನ ಮನೆಯಲ್ಲಿ, ಸುರತ್ಕಲ್ಲಿನಲ್ಲಿ. ನಾನು ಬಸ್ಸು ಹತ್ತಿ ಹೋಗಿ ಅದರ ಜೆರಾಕ್ಸ್ ಮಾಡಿಸಿ ತಂದೆ. ಬಾಗಿಲಿನ ಹಿಂಜು ಮತ್ತು ಡ್ರಾಯರಿನ ಚಾನಲ್‌ಗೆ ಮಾತ್ರ ಗ್ಯಾರಂಟಿ, ಹಲಗೆಗೆ ಇಲ್ಲವೇ ಇಲ್ಲ ಎಂದು ಅದರಲ್ಲಿತ್ತು. ಆಮೇಲೆ ನಾನೇ ಒಂದು ಪತ್ರ ಬರೆದೆ: ಇಂತಿಷ್ಟು ಕಡೆ, ಒಳಭಾಗದಲ್ಲಿ ಮಾತ್ರ, ಸ್ಕ್ರೂ ಹಾಕುತ್ತೇವೆ, ಮನೆ ಬಿಡುವಾಗ ಪುಟ್ಟಿ ತುಂಬಿ ಕೊಡುತ್ತೇವೆ. ಅದರ ಜೊತೆ ಪ್ರತಿ ಕಪಾಟಿನ ಫೋಟೋ, ತಾರೀಕು ಸಹಿತ. ಮರುದಿನವೇ “ಓಕೆ ಅಂಕಲ್, ಮಗುವಿನ ವಿಷಯ ಅಲ್ವಾ” ಎಂದು ಉತ್ತರ ಬಂತು. ಬಾಡಿಗೆ ಮನೆಯವರು ಈ ಪತ್ರವನ್ನು ಮೊದಲ ದಿನವೇ ಬರೆದರೆ ಎರಡು ವಾರ ಉಳಿಯುತ್ತದೆ. ಬಾಯಿಮಾತಿನ ಒಪ್ಪಿಗೆ ಮುಂಗಡ ಹಣ ಹಿಂದಿರುಗಿಸುವ ದಿನ ಯಾರಿಗೂ ನೆನಪಿರುವುದಿಲ್ಲ.

ಒಪ್ಪಿಗೆ ಬಂದ ಉತ್ಸಾಹದಲ್ಲಿ ನಾನು ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಸ್ಪ್ರಿಂಗಿನ ಪ್ಲಾಸ್ಟಿಕ್ ಲ್ಯಾಚು ಆರು ತಂದೆ, ಒಂದಕ್ಕೆ ₹45. ಬಾಗಿಲನ್ನು ಒಂದಂಗುಲ ಎಳೆದು, ಒಳಗೆ ಬೆರಳು ಹಾಕಿ ನಾಲಗೆಯಂಥ ಭಾಗವನ್ನು ಕೆಳಗೆ ಒತ್ತಿದರೆ ತೆರೆಯುವ ಸರಳ ವಸ್ತು. ಒಂದನ್ನು ಕಸದ ಬುಟ್ಟಿಯ ಕಪಾಟಿಗೆ ನಾನೇ ಹಾಕಲು ಕುಳಿತೆ. ಅಂಗಡಿಯಾತ ಕೊಟ್ಟದ್ದು ಮುಕ್ಕಾಲು ಇಂಚಿನ ಸ್ಕ್ರೂ, ಎಂದರೆ 19 ಮಿಲಿಮೀಟರು. ಬಾಗಿಲಿನ ದಪ್ಪ 18. ಸ್ಕ್ರೂ ಸರಾಗವಾಗಿ ಒಳಗೆ ಹೋಗುತ್ತಿರುವುದನ್ನು ನೋಡಿ ಹೆಮ್ಮೆಪಡುತ್ತಾ ಕೊನೆಯ ಸುತ್ತು ತಿರುಗಿಸಿದಾಗ ಟಿಕ್ ಎಂಬ ಸಣ್ಣ ಸದ್ದು ಕೇಳಿತು. ಬಾಗಿಲು ಮುಚ್ಚಿ ಮುಂದಿನಿಂದ ನೋಡಿದರೆ, ಮಾಲೀಕರ ಕ್ರೀಮು ಬಣ್ಣದ ಲ್ಯಾಮಿನೇಟು ಅಕ್ಕಿಕಾಳಿನಷ್ಟು ಉಬ್ಬಿ ಒಡೆದು, ನಡುವೆ ಸ್ಕ್ರೂವಿನ ತುದಿ ಮಿನುಗುತ್ತಿತ್ತು. ಹಲಗೆಯ ದಪ್ಪವನ್ನು ಅಳೆದು ಅರ್ಧ ಇಂಚಿನ ಸ್ಕ್ರೂ ಕೊಳ್ಳಿ. ಸಾಧ್ಯವಾದರೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಇರಲಿ, ಕಡಲಿನ ಗಾಳಿಗೆ ಸಾದಾ ಕಬ್ಬಿಣ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ.

ಆ ಸಂಜೆಯೇ ಮಗಳು ಡ್ರಿಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು, ಮರದ ಕೆಲಸದ ಆಚಾರಿಯನ್ನು ಕರೆಸುವುದೆಂದು ತೀರ್ಪಿತ್ತಳು. ಸಿಂಕಿನ ಕಪಾಟಿಗೂ ಕತ್ತಿ ಚೂರಿಗಳ ಡ್ರಾಯರಿಗೂ ಮಿಕ್ಸಿ ಜಾರುಗಳ ಕಪಾಟಿಗೂ ಅಯಸ್ಕಾಂತದ ಲಾಕು ತರಿಸಿದಳು, ನಾಲ್ಕು ಲಾಕು ಎರಡು ಕೀಲಿ ಸೇರಿ ₹1,150. ಲಾಕು ಬಾಗಿಲಿನ ಒಳಗಡೆ ಇರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಕೀಲಿಯೆಂಬ ಅಯಸ್ಕಾಂತವನ್ನು ಸರಿಯಾದ ಜಾಗಕ್ಕೆ ಹಿಡಿದರೆ ಒಳಗಿನ ಕೊಂಡಿ ಬಿಡುತ್ತದೆ.

ಗುರುಪುರದ ಕಡೆಯಿಂದ ಬಂದ ಆಚಾರಿ ಮೊದಲು ಅರ್ಧ ಗಂಟೆ ಏನನ್ನೂ ಮುಟ್ಟದೆ, ಟಾರ್ಚು ಹಿಡಿದು ಒಳಗೆ ನೋಡಿದರು. ಆಮೇಲೆ ಕೊಂಡಿ ಸಿಕ್ಕಿಕೊಳ್ಳಲು ಜಾಗವೇ ಇಲ್ಲವೆಂದರು. ವಿದೇಶದ ಅಡುಗೆಮನೆಗಳ ಕಪಾಟಿಗೆ ಮುಂದೆ ಮರದ ಚೌಕಟ್ಟು ಇರುತ್ತದೆ, ಈ ಲಾಕುಗಳ ಜೊತೆ ಬರುವ ಚಿತ್ರಗಳೆಲ್ಲ ಅದನ್ನೇ ತೋರಿಸುತ್ತವೆ. ನಮ್ಮಲ್ಲಿ ಬಾಗಿಲಿನ ಮೇಲ್ಗಡೆ ನೇರವಾಗಿ ಗ್ರಾನೈಟು, ನಡುವಿನ ಗೋಡೆ ಕಡಪ ಕಲ್ಲು, ಸಿಂಕಿನ ಕಪಾಟಿನ ಎರಡು ಬಾಗಿಲುಗಳ ನಡುವೆ ಬರೀ ಗಾಳಿ. ಅವರು ಮರದ ರೀಪು ಕತ್ತರಿಸಿ ಗ್ರಾನೈಟಿನ ಅಡಿಗೆ ಅರಾಲ್ಡೈಟ್ ಅಂಟು ಹಾಕಿ ಕೂರಿಸಿ, ಒಂದು ರಾತ್ರಿ ಆಧಾರ ಕೊಟ್ಟು ಬಿಟ್ಟು, ಮರುದಿನ ಅದಕ್ಕೆ ಕೊಂಡಿಯ ಹಿಡಿಯನ್ನು ಸ್ಕ್ರೂ ಮಾಡಿದರು. ಕೆಳಗಿನ ಮೂರು ಡ್ರಾಯರುಗಳಿಗೆ ಪಕ್ಕದಿಂದ ರೀಪು ಬಂತು, ಅದಕ್ಕೆ ನಾನು ತಂದಿದ್ದ ಸ್ಪ್ರಿಂಗಿನ ಲ್ಯಾಚು.

ನಾನು ಪಕ್ಕದಲ್ಲಿ ನಿಂತು ಇನ್ನೂ ಸ್ವಲ್ಪ ಬಿಗಿಯಾಗಲಿ ಎನ್ನುತ್ತಿದ್ದೆ. ಅವರು ಒಪ್ಪಲಿಲ್ಲ. “ಆಟಿ ತಿಂಗಳ ಮಳೆಯಲ್ಲಿ ಹಲಗೆ ಉಬ್ಬಿರ್ತದೆ ಮಾರಾಯ್ರೆ. ಈಗ ಬಿಗಿಯಾಗಿ ಕೂರಿಸಿದ್ರೆ ಜನವರಿಯಲ್ಲಿ ಕೊಂಡಿ ತಾಗುವುದೇ ಇಲ್ಲ” ಎಂದು, ಉದ್ದನೆಯ ತೂತಿನ ನಡುವೆ ಸ್ಕ್ರೂ ಇಟ್ಟು, ಎರಡು ಮಿಲಿಮೀಟರು ಅತ್ತಿತ್ತ ಸರಿಸಲು ಬರುವಂತೆ ಮಾಡಿದರು. ಪೆಟ್ಟಿಗೆಯೊಳಗಿನ ಯಾವ ಚೀಟಿಯಲ್ಲಿಯೂ ಇಲ್ಲದ ಈ ಮಾತಿಗೇ ಅವರ ₹1,300 ಸಂದಿತು ಎಂದು ನನಗೆ ಅನ್ನಿಸಿದೆ. ನಾನು ಒಡೆದ ಲ್ಯಾಮಿನೇಟಿಗೆ ಅದೇ ಬಣ್ಣದ ತೇಪೆ ಹಾಕಿಕೊಟ್ಟದ್ದಕ್ಕೆ ಬೇರೆ ₹350. ಒಂದಡಿ ದೂರದಿಂದ ನೋಡಿದರೆ ತಿಳಿಯುವುದಿಲ್ಲ.

ಗ್ಯಾಸ್ ಸಿಲಿಂಡರಿನ ಕಪಾಟಿನ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಮಗಳಿಗೆ ಅಲ್ಲಿಯೂ ಅಯಸ್ಕಾಂತದ ಲಾಕು ಬೇಕಿತ್ತು, ನಾನು ಬೇಡವೆಂದೆ. ಅನಿಲ ಸೋರಿದ ಹೊತ್ತಿನಲ್ಲಿ ರೆಗ್ಯುಲೇಟರ್ ಮುಚ್ಚಲು ಕೈ ಹಾಕುವವರು ಕೀಲಿ ಹುಡುಕುತ್ತಾ ನಿಲ್ಲಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿಯೇ ಹರಡುತ್ತದೆ, ಆದ್ದರಿಂದ ಆ ಬಾಗಿಲಿನ ಕೆಳಗಿನ ಗಾಳಿಯ ಜಾಲರಿಯನ್ನೂ ಮಗು ಬೆರಳು ಹಾಕುತ್ತದೆಂದು ಮುಚ್ಚುವಂತಿಲ್ಲ. ಕೊನೆಗೆ, ಅಂಟಿನ ಪಟ್ಟಿಗಳಲ್ಲಿ ಚೆನ್ನಾಗಿ ನಿಂತಿದ್ದ ಒಂದನ್ನು ಆ ಬಾಗಿಲಿನ ತೀರಾ ಮೇಲ್ತುದಿಗೆ ಹಾಕಿದೆವು. ಮಗುವಿನ ಕೈಗೆ ಎಟುಕುವುದಿಲ್ಲ, ದೊಡ್ಡವರು ಕತ್ತಲಲ್ಲಿಯೂ ತಡವಿ ತೆರೆಯಬಹುದು.

ಎಲ್ಲ ಮುಗಿಯಿತೆಂದು ನಾವು ಅಂದುಕೊಂಡ ದಿನದಿಂದಲೇ ನಿಜವಾದ ತೊಂದರೆ ಶುರುವಾದದ್ದು. ನನ್ನ ಹೆಂಡತಿಯ ಬೆರಳ ಗಂಟುಗಳಲ್ಲಿ ಸಂಧಿವಾತ ಇದೆ. ಹಿಟ್ಟು ಮೆತ್ತಿದ ಕೈಯಲ್ಲಿ ಸ್ಪ್ರಿಂಗಿನ ನಾಲಗೆಯನ್ನು ಒತ್ತಿ ಅದೇ ಹೊತ್ತಿಗೆ ಡ್ರಾಯರನ್ನು ಎಳೆಯುವುದು ಅವಳಿಂದಾಗುತ್ತಿರಲಿಲ್ಲ. ಎರಡು ದಿನ ಹೇಗೋ ನಿಭಾಯಿಸಿ, ಮೂರನೆಯ ದಿನದಿಂದ ಅಡುಗೆ ಮುಗಿಯುವ ತನಕ ಒಂದು ಡ್ರಾಯರನ್ನು ಅರ್ಧ ತೆರೆದೇ ಇಡಲು ಶುರುಮಾಡಿದಳು. ಲಾಕಿಗೆ ಅಷ್ಟು ಖರ್ಚು ಮಾಡಿ ಬಾಗಿಲು ತೆರೆದಿಡುವುದೆಂದರೇನು ಎಂದು ನಾನು ರೇಗಿದೆ. “ನೀವು ಒಂದು ದಿನ ಸಾರು ಮಾಡಿ ನೋಡಿ” ಎಂದಳು. ಮಾಡಿ ನೋಡಿದೆ. ಒಂದು ಸಾರಿಗೆ ಆ ಡ್ರಾಯರನ್ನು ಹನ್ನೊಂದು ಸಲ ತೆರೆಯಬೇಕಾಯಿತು. ಸೌಟು, ಚಮಚ, ಇಕ್ಕುಳಗಳನ್ನೆಲ್ಲ ಒಲೆಯ ಹಿಂದಿನ ಗೋಡೆಯ ಕಂಬಿಗೆ ನೇತುಹಾಕಿದ ಮೇಲೆ ಅದು ಎರಡಕ್ಕೆ ಇಳಿಯಿತು. ಆದ್ದರಿಂದ ಲಾಕಿನ ಮಾದರಿ ಆರಿಸುವ ಮೊದಲು, ಆ ಮನೆಯಲ್ಲಿ ಅಡುಗೆ ಮಾಡುವವರ ಕೈಗೆ ಒಂದನ್ನು ಕೊಟ್ಟು ಒತ್ತಿಸಿ ನೋಡಿ. ನಮ್ಮ ಮನೆಯಲ್ಲಿ ಅಳಿಯ ಆರಿಸಿದ, ನಾನು ಕೊಂಡೆ, ಆಚಾರಿ ಹಾಕಿದರು. ದಿನಕ್ಕೆ ನಲವತ್ತು ಸಲ ತೆರೆಯುವವಳನ್ನು ಯಾರೂ ಕೇಳಲಿಲ್ಲ.

ಸ್ಪ್ರಿಂಗಿನ ಲ್ಯಾಚಿನ ಇನ್ನೊಂದು ದೋಷ ಮೊಮ್ಮಗಳೇ ತೋರಿಸಿಕೊಟ್ಟಳು. ಲಾಕು ಇದ್ದರೂ ಬಾಗಿಲು ಒಂದಂಗುಲ ತೆರೆಯುತ್ತದೆ, ಆ ಸಂದಿನಲ್ಲಿ ಬೆರಳಿಟ್ಟು ಇನ್ನೊಂದು ಕೈಯಿಂದ ತಳ್ಳಿಕೊಂಡು ಅತ್ತಳು. ಕಸದ ಕಪಾಟಿನದ್ದನ್ನು ತೆಗೆದು ಅಂಟಿನ ಪಟ್ಟಿ ಹಾಕಿದೆವು. ಹನ್ನೆರಡು ತಿಂಗಳು ತುಂಬುವಷ್ಟರಲ್ಲಿ ಅದರ ಒಂದು ಗುಂಡಿಯನ್ನು ಒತ್ತಲು ಅವಳು ಕಲಿತಿದ್ದಾಳೆ, ಎರಡನ್ನೂ ಒಟ್ಟಿಗೆ ಒತ್ತುವ ದಿನ ದೂರವಿಲ್ಲ. ಫಿನಾಯಿಲ್ ಮತ್ತು ಕೊಳವೆಯ ಪುಡಿ ಲಾಕಿರುವ ಸಿಂಕಿನ ಕಪಾಟಿಗೆ ಮರಳಿ ಬಂದಿಲ್ಲ, ಅಟ್ಟದಲ್ಲಿಯೇ ಇವೆ.

ಅಯಸ್ಕಾಂತದ ಕೀಲಿಯ ಪ್ರಸಂಗವನ್ನು ಹೇಳದೆ ಬಿಡಲಾಗದು. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಎರಡೂ ಬೇರೆ ಬೇರೆಯವರ ಬಳಿ ಇರುವ ಪದ್ಧತಿಯಲ್ಲಿ ಬೆಳೆದವನು ನಾನು. ಇಲ್ಲಿಯೂ ಒಂದು ಕೀಲಿ ಅಡುಗೆಮನೆಯ ಮೇಲಿನ ಕಪಾಟಿನ ಪಕ್ಕದ ಕೊಕ್ಕೆಗೆ, ಇನ್ನೊಂದು ದೇವರ ಕೋಣೆಯ ಮೇಲಿನ ಗೂಡಿಗೆ ಎಂದು ನಿಗದಿಮಾಡಿದ್ದೆ. ಚೌತಿಗೆ ಬಂದ ಅತ್ತಿಗೆ ಕಡುಬಿನ ಕೆಲಸದ ಗಡಿಬಿಡಿಯಲ್ಲಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾರ್ಕಳಕ್ಕೆ ಹೊರಟುಹೋದರು. ಇನ್ನೊಂದು, ಮಗಳ ಚೀಲದೊಳಗೆ ಸೇರಿ ಆಫೀಸಿಗೆ ಹೋಗಿತ್ತು. ತರಕಾರಿ ಹೆಚ್ಚಲು ಚೂರಿ ಇಲ್ಲ, ಮಿಕ್ಸಿ ಜಾರಿಲ್ಲ. ಫ್ರಿಜ್ಜಿನ ಮೇಲಿದ್ದ ಆರು ಚಿತ್ರದ ಅಯಸ್ಕಾಂತಗಳನ್ನು ಒಂದರ ಮೇಲೊಂದಿಟ್ಟು ಪ್ರಯತ್ನಿಸಿದೆ, ಕೊಂಡಿ ಕದಲಲಿಲ್ಲ. ಆ ಮಧ್ಯಾಹ್ನ ನಾವು ಹೋಟೆಲಿನ ಊಟ ತರಿಸಿದೆವು. ಅತ್ತಿಗೆ ಕೊಟ್ಟು ಕಳುಹಿಸಿದ ಕೀಲಿಯನ್ನು ಮರುದಿನ ಬೆಳಿಗ್ಗೆ ಕಾರ್ಕಳದ ಬಸ್ಸಿನ ಕಂಡಕ್ಟರರು ಸ್ಟೇಟ್ ಬ್ಯಾಂಕ್ ನಿಲ್ದಾಣದಲ್ಲಿ ನನ್ನ ಕೈಗಿತ್ತರು. ಈಗ ಅದಕ್ಕೆ ಒಂದಡಿ ಉದ್ದದ ಕೆಂಪು ಪಟ್ಟಿ ಕಟ್ಟಿದ್ದೇನೆ. ನೆಂಟರು ಬರುವ ದಿನ ಲಾಕಿನೊಳಗಿನ ಸಣ್ಣ ಗುಂಡಿಯನ್ನು ಸರಿಸಿದರೆ ಅದು ತಾತ್ಕಾಲಿಕವಾಗಿ ನಿಷ್ಕ್ರಿಯವಾಗುತ್ತದೆಂದು ಆಮೇಲೆ ತಿಳಿಯಿತು. ಆದರೆ ನೆಂಟರು ಬರುವ ದಿನವೇ ಮಗುವಿನ ಮೇಲೆ ಯಾರ ಕಣ್ಣೂ ಇರುವುದಿಲ್ಲವಾದ್ದರಿಂದ ನಾವು ಅದನ್ನು ಬಳಸುತ್ತಿಲ್ಲ. ಈ ಅಯಸ್ಕಾಂತ ಬಲವಾದದ್ದು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳಬಾರದು.

ಲೆಕ್ಕ ಕೇಳುವವರಿಗೆ: ಅಂಟಿನ ಪಟ್ಟಿ 420, ಸ್ಪ್ರಿಂಗಿನ ಲ್ಯಾಚು 270, ಅಯಸ್ಕಾಂತದ ಲಾಕು 1,150, ರೀಪು ಸ್ಕ್ರೂ ಅಂಟು 260, ಆಚಾರಿಯ ಕೂಲಿ 1,300, ನನ್ನ ಸ್ಕ್ರೂವಿನ ದಂಡ 350, ಒಟ್ಟು ₹3,750. ಸುರತ್ಕಲ್ಲಿನ ಬಸ್ಸು, ಹೋಟೆಲಿನ ಊಟ ಇದರಲ್ಲಿ ಸೇರಿಲ್ಲ.

ತಿಂಗಳ ಮೊದಲ ದಿನ ಒಂಬತ್ತನ್ನೂ ಒಮ್ಮೆ ಗಟ್ಟಿಯಾಗಿ ಎಳೆದು ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಮಿಕ್ಸಿ ಕಪಾಟಿನ ಕೊಂಡಿ ಈಗಾಗಲೇ ಸ್ವಲ್ಪ ತಡವಾಗಿ ಸಿಕ್ಕಿಕೊಳ್ಳುತ್ತಿದೆ, ಬಿಸಿಲು ಬಂದು ಹಲಗೆ ಇಳಿಯುತ್ತಿದೆ ಎಂದು ಕಾಣುತ್ತದೆ. ಮಕರ ಸಂಕ್ರಮಣ ಕಳೆದ ಮೇಲೆ ಬಂದು ಎರಡು ಮಿಲಿಮೀಟರು ಸರಿಸಿಕೊಡುತ್ತೇನೆ, ಅದಕ್ಕೆ ಬೇರೆ ಕೂಲಿ ಬೇಡ, ಒಂದು ಚಹಾ ಸಾಕು ಎಂದು ಆಚಾರಿ ಹೇಳಿಹೋಗಿದ್ದಾರೆ.